ಸೆಲ್ಫಿ ಸಿಕ್ತು, ಮಾತು?

ಫೆಸ್ಟ್ ಹತ್ತಿರ ಬಂತೆಂದರೆ ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ: ‘ಈ ಸಲ ಯಾರು ಬರ್ತಾರಂತೆ?’ ಬಂದು ಎಂತ ಮಾಡ್ತಾರೆ ಅಂತ ಯಾರೂ ಕೇಳುವುದಿಲ್ಲ. ಬಂದವರು ಎರಡು ಡೈಲಾಗ್ ಹೇಳಿ, ಕೈ ಬೀಸಿ, ಕಾರು ಹತ್ತುತ್ತಾರೆ. ನಮ್ಮ ಮೊಬೈಲಿನಲ್ಲಿ ಅವರ ಬೆನ್ನು, ನಮ್ಮ ಅರ್ಧ ಮುಖ, ಬೌನ್ಸರನ ಪೂರ್ತಿ ಕೈ ಉಳಿಯುತ್ತದೆ. ಇದಕ್ಕೆ ನಾವು ‘ಭೇಟಿ’ ಅಂತೇವೆ.

ಹೊರದೇಶದಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಸ್ಯಾನ್ ಡಿಯಾಗೋದ ಕಾಮಿಕ್ ಕಾನ್ ಶುರುವಾದದ್ದು 1970ರಲ್ಲಿ. ಅಂಥ ಅಭಿಮಾನಿ ಸಮಾವೇಶಗಳು ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ಅನೇಕ ಕಡೆ ಸಹಿಗೆ ಒಂದು ದರ, ಫೋಟೊಗೆ ಇನ್ನೊಂದು ದರ, ಸಾಲಿನಲ್ಲಿ ನಿಂತರೆ ಅರ್ಧ ನಿಮಿಷ. ‘ಸಹಿಗೂ ದುಡ್ಡಾ ಮಾರಾಯ?’ ಎಂದು ನಗಬಹುದು. ಆದರೆ ಅಲ್ಲಿ ಲೆಕ್ಕ ಚೊಕ್ಕ. ಕೊಟ್ಟವನಿಗೆ ಎಂತ ಸಿಗುತ್ತದೆ ಎಂದು ಮೊದಲೇ ಗೊತ್ತು, ತಳ್ಳಾಟವೂ ಕಡಿಮೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಚಿತ್ರ ಬರೆಯುವವರು ತಮ್ಮ ಪುಸ್ತಕಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂರುತ್ತಾರೆ. ಪುಸ್ತಕ ಕೊಂಡು ಸಹಿ ಹಾಕಿಸಿಕೊಂಡರೆ ಆ ಸಹಿಯ ಹಿಂದೆ ಒಂದು ಕೆಲಸವಾದರೂ ಇರುತ್ತದೆ.

ನಮ್ಮ ಅಭಿಮಾನಕ್ಕೆ ದರ ಇಲ್ಲ. ಆದರೆ ಅದರ ಬೆಲೆ ಬೇರೆ ರೀತಿಯಲ್ಲಿ ಹೋಗುತ್ತಿದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಹುಡುಗರು ಸತ್ತರು. 2025ರ ಜೂನ್ 4ರಂದು ಗೆದ್ದ ತಂಡವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಮನೆಗೆ ಮರಳಲಿಲ್ಲ. ವ್ಯವಸ್ಥೆ ಮಾಡಬೇಕಾದವರ ಹೊಣೆ ದೊಡ್ಡದು, ಅದನ್ನು ಕೇಳಲೇಬೇಕು. ಆದರೆ ‘ದೂರದಿಂದ ಒಂದು ಸಲ ಕಂಡರೆ ಸಾಕು’ ಎನ್ನುವ ಆಸೆಗೆ ನಾವು ಎಷ್ಟು ಕೊಡಬೇಕು ಎನ್ನುವುದು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಿದ್ದಾಪುರದ ಕಡೆಯಿಂದ ಬಂದ ನಮಗೆ ಇನ್ನೊಂದು ದಾರಿ ಗೊತ್ತು: ಯಕ್ಷಗಾನದ ಚೌಕಿ. ಕಮಲಶಿಲೆ, ಮಾರಣಕಟ್ಟೆ, ಮಂದಾರ್ತಿ ಮೇಳಗಳ ತಿರುಗಾಟ ಶುರುವಾದರೆ ಮಳೆಗಾಲದ ಬಾಗಿಲಿನವರೆಗೂ ಗದ್ದೆ ಗದ್ದೆಗಳಲ್ಲಿ ಆಟ. ರಂಗಸ್ಥಳದ ಹಿಂದಿನ ಚೌಕಿಯಲ್ಲಿ ಪೆಟ್ಟಿಗೆ ಎದುರು ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುತ್ತಾರೆ. ಕೇದಗೆ ಮುಂದಲೆ ಕಟ್ಟುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಪಾಸ್ ಇಲ್ಲ, ವಿಐಪಿ ಸಾಲು ಇಲ್ಲ. ಬೆಳಿಗ್ಗೆ ಬಣ್ಣ ತೆಗೆದ ಕೌರವನ ಹತ್ತಿರ ಹಿರಿಯರೊಬ್ಬರು ಬಂದು, ‘ಪ್ರವೇಶ ಒಳ್ಳೆ ಬಂತ್ ಕಾಣಿ, ಆದ್ರೆ ಕೊನಿಗ್ ಮಾತ್ ಸ್ವಲ್ಪ ಉದ್ದ ಆಯ್ತ್’ ಎಂದು ಹೇಳಿ ಹೋಗುತ್ತಾರೆ. ಇದು ನಿಜವಾದ ಅಭಿಮಾನ. ಇಡೀ ರಾತ್ರಿ ನೋಡಿದವರಿಗೆ ಮಾತ್ರ ಈ ಮಾತು ಆಡಲು ಬರುತ್ತದೆ. ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಅವರ ಸಹಿ ಎಷ್ಟು ಜನರ ಹತ್ತಿರ ಇದ್ದೀತು? ಪದ್ಯ ಮಾತ್ರ ಕ್ಯಾಸೆಟ್ಟಿನಿಂದ ಮೊಬೈಲಿಗೆ ಬಂದು ಇವತ್ತಿಗೂ ಕೇಳಿಸುತ್ತದೆ.

ಈಗ ಆ ಚೌಕಿಗೂ ನಮ್ಮ ರೋಗ ಅಂಟಿದೆ. ಕಣ್ಣಿಗೆ ಕಪ್ಪು ಎಳೆಯುವಾಗ ‘ಅಣ್ಣಾ, ಒಂದು ಸೆಲ್ಫಿ’. ಪ್ರವೇಶಕ್ಕೆ ಚೆಂಡೆ ಬಡಿಯುತ್ತಿದ್ದರೂ ‘ಇನ್ನೊಂದೇ ಒಂದು’. ಡಾ. ರಾಜ್‌ಕುಮಾರ್ ನಮ್ಮನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ದೇವರು ಅನ್ನಿಸಿಕೊಂಡವರಿಗೆ ಸ್ವಲ್ಪ ತಾಳ್ಮೆಯೂ ಬೇಡವಾ?

ಹಾಗಾಗಿ ನಮ್ಮ ಸಲಹೆ ಇಷ್ಟು. ಈ ಸಲದ ಫೆಸ್ಟ್‌ನಲ್ಲಿ ಒಂದು ಮಧ್ಯಾಹ್ನ ವೇದಿಕೆ ಬಿಟ್ಟು, ಸೆಮಿನಾರ್ ಹಾಲಿನಲ್ಲಿ ಕುರ್ಚಿಗಳನ್ನು ಸುತ್ತ ಹಾಕೋಣ. ಒಬ್ಬ ವೇಷಧಾರಿಯನ್ನೋ, ಭಾಗವತರನ್ನೋ, ಸಿನಿಮಾದ ಸೌಂಡ್ ಕೆಲಸ ಮಾಡುವವರನ್ನೋ ಕರೆಯೋಣ, ಮರ್ಯಾದೆಯ ಸಂಭಾವನೆ ಕೊಟ್ಟು. ಬರುವವರು ಅವರ ಒಂದು ಕೆಲಸವನ್ನಾದರೂ ನೋಡಿರಬೇಕು, ಒಂದು ಪ್ರಶ್ನೆ ಬರೆದು ತರಬೇಕು. ಫೋಟೊ ಕೊನೆಗೆ, ಎಲ್ಲರದ್ದೂ ಸೇರಿ ಒಂದೇ.

‘ಜನ ಸೇರಲ್ಲ, ಸ್ಪಾನ್ಸರ್ ಒಪ್ಪಲ್ಲ’ ಅಂತೀರಿ. ಐವತ್ತು ಜನ ಬಂದರೆ ಸಾಕು, ಅಷ್ಟಕ್ಕೆ ಸ್ಪಾನ್ಸರ್ ಯಾಕೆ? ಸ್ಟಾರ್‌ಗಳು ಬೇಡ ಅಂತಲೂ ನಾವು ಹೇಳುತ್ತಿಲ್ಲ. ನಮ್ಮ ಕೆರಾಡಿಯ ರಿಷಬ್ ಶೆಟ್ಟಿ ‘ಕಾಂತಾರ’ಕ್ಕೆ ರಾಷ್ಟ್ರಪ್ರಶಸ್ತಿ ತಂದಾಗ ಎದೆ ಉಬ್ಬಿದ್ದು ನಮಗೂ ಹೌದು. ಅವರೇ ಬಂದರೂ ‘ಒಂದು ಡೈಲಾಗ್ ಸಾರ್’ ಎಂದು ಕೂಗುವುದು ಬೇಡ. ‘ಆ ಕಂಬಳದ ಓಟಕ್ಕೆ ಕ್ಯಾಮೆರಾ ಎಲ್ಲಿಟ್ಟಿದ್ರಿ?’ ಎಂದು ಕೇಳೋಣ. ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾ?

ಯಾರನ್ನು ಕರೆಯಬೇಕು ಅನ್ನಿಸುತ್ತದೋ ಅವರ ಹೆಸರನ್ನು ಸಂಘದವರಿಗೆ ಕೊಡಿ. ಜೊತೆಗೆ ನಿಮ್ಮ ಪ್ರಶ್ನೆಯನ್ನೂ ಬರೆಯಿರಿ. ಪ್ರಶ್ನೆ ಇಲ್ಲದ ಹೆಸರನ್ನು ನಾವು ಪಟ್ಟಿಗೆ ಸೇರಿಸುವುದಿಲ್ಲ.