ಒಂದಕ್ಕೊಂದು ಎಂಬ ಮರುಳು

ಡಮ್ಮಿ ಲೋಡ್ ಎಂಬುದೊಂದು ಡಬ್ಬಿಯಿದೆ. ಒಳಗಿರುವುದು 50 ಓಮ್‌ನ ರೆಸಿಸ್ಟರ್, ಅಷ್ಟೆ. ಹ್ಯಾಮ್ ರೇಡಿಯೊಗೆ ಅದನ್ನು ಸಿಕ್ಕಿಸಿ ಮಾತಾಡಿದರೆ ಎಸ್‌ಡಬ್ಲ್ಯೂಆರ್ ಮೀಟರ್ 1:1 ತೋರಿಸುತ್ತದೆ. ಹೋದ ಶಕ್ತಿಯಲ್ಲಿ ಏನೂ ತಿರುಗಿ ಬರಲಿಲ್ಲ ಎಂದು ಅರ್ಥ. ಅದಕ್ಕಿಂತ ಒಳ್ಳೆಯ ಅಂಕ ಇಲ್ಲ. ಆದರೆ ಮಾತು ಬೀದಿ ದಾಟುವುದಿಲ್ಲ, ಡಬ್ಬಿಯೊಳಗೇ ಬಿಸಿಯಾಗಿ ಮುಗಿಯುತ್ತದೆ. ಪರೀಕ್ಷೆ ಬರೆದು ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಮಂದಿಗೆಲ್ಲ ಇದು ಗೊತ್ತು. ಹಾಗಿದ್ದೂ ಕಾರಿಗೆ ಆಂಟೆನಾ ಕಟ್ಟುವಾಗ ಅದೇ ಮಂದಿ ಮೀಟರಿನ ಮುಳ್ಳಿಗೆ ಶರಣಾಗುತ್ತಾರೆ. 1:1 ಬಂತೇ, ಫೋಟೊ ತೆಗೆದು ಗೆಳೆಯರಿಗೆ ಕಳಿಸಿ ಆಯಿತು, ಕೆಲಸ ಮುಗಿಯಿತು.

ಮುಗಿದಿಲ್ಲ. ಅನೇಕ ವೇಳೆ ಕಾರಿನಲ್ಲಿ ಬಂದ ಆ 1:1 ಕೆಟ್ಟ ಸುದ್ದಿ.

ಲೆಕ್ಕ ಹಾಕಿ ನೋಡಬಹುದು. 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7.1 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕಾಲು ತರಂಗದ ಕಡ್ಡಿಗೆ ಹತ್ತು ಮೀಟರ್ ಎತ್ತರ ಬೇಕು. ಕಾರಿನ ಮೇಲೆ 2.4 ಮೀಟರ್ ನಿಲ್ಲಿಸಿದರೇ ದೊಡ್ಡದು. ಕಡಿಮೆ ಬಿದ್ದ ಉದ್ದಕ್ಕೆ ಬದಲಾಗಿ ಬುಡದಲ್ಲೊಂದು ಕಾಯಿಲ್. ಇಷ್ಟು ಗಿಡ್ಡ ಕಡ್ಡಿಯಲ್ಲಿ ಗಾಳಿಗೆ ಹೋಗುವ ಶಕ್ತಿಯ ಪಾಲು ಸುಮಾರು 1.3 ಓಮ್. ಮಿಕ್ಕಿದ್ದೆಲ್ಲ ನಷ್ಟ. ಒಳ್ಳೆಯ ಕಾಯಿಲ್‌ನಲ್ಲಿ 4.5 ಓಮ್, ಕಾರಿನ ಮೈ ಮತ್ತು ಅದರ ಕೆಳಗಿನ ನೆಲದಲ್ಲಿ 8 ಓಮ್ ಎಂದಿಟ್ಟುಕೊಂಡರೆ ಒಟ್ಟು 14ರ ಹತ್ತಿರ. 50 ಓಮ್‌ನ ಕೇಬಲ್ಲಿಗೆ ಅದು 3.6:1, ನೋಡಿದವರು ಮುಖ ಸಿಂಡರಿಸುವ ಅಂಕ. ಇನ್ನೊಂದು ಕಾರಿನಲ್ಲಿ ಸಪೂರ ತಂತಿಯ ಅಗ್ಗದ ಕಾಯಿಲ್ 18 ಓಮ್; ಬಣ್ಣ ಕೆರೆಯದೆ ಬಿಗಿದ ಬ್ರ್ಯಾಕೆಟ್ಟು, ತುಕ್ಕು, ನೆಲ ಎಲ್ಲ ಸೇರಿ 31. ಒಟ್ಟು 50, ಮೀಟರಿನಲ್ಲಿ 1:1. ನೂರು ವಾಟ್ ಒಳಗೆ ಹೋದರೆ ಮೊದಲ ಕಾರಿನಿಂದ ಗಾಳಿಗೆ 9 ವಾಟ್, ಎರಡನೆಯದರಿಂದ ಎರಡೂವರೆ. ಫೋಟೊ ಹೊಗಳಿಸಿಕೊಳ್ಳುವುದು ಎರಡನೆಯದು.

‘ನಮ್ಮದು 7.0ರಿಂದ 7.2ರವರೆಗೆ ಮುಟ್ಟಬೇಕಾಗಿಯೇ ಇಲ್ಲ’ ಎಂಬ ಹೆಮ್ಮೆಯೂ ಇದೇ ಜಾತಿಯದು. ಗಿಡ್ಡ ಆಂಟೆನಾ ಅಷ್ಟಗಲ ಒಪ್ಪಿಕೊಂಡಿತೆಂದರೆ ನಷ್ಟ ಎಲ್ಲೋ ಕೂತು ತಿನ್ನುತ್ತಿದೆ.

ಗೊಂದಲದ ಬೇರು ಎರಡು ಕೆಲಸಗಳಿಗೆ ಒಂದೇ ಹೆಸರು ಕೊಟ್ಟಿರುವುದರಲ್ಲಿದೆ. ಕನ್ನಡ ಇಲ್ಲಿ ಚೆನ್ನಾಗಿ ಒದಗುತ್ತದೆ: ಒಂದು ಶ್ರುತಿ ಮಾಡುವುದು, ಇನ್ನೊಂದು ಹೊಂದಿಸುವುದು. ತುದಿಯ ಕಡ್ಡಿಯನ್ನು ಎಳೆದು, ಇಳಿಸಿ, ಬೇಕಾದ ಕಂಪನಕ್ಕೆ ತರುವುದು ಶ್ರುತಿ. ಆ 14 ಓಮನ್ನು ಕೇಬಲ್ಲಿಗೆ 50 ಎಂದು ಕಾಣಿಸುವುದು ಹೊಂದಾಣಿಕೆ. ಡ್ಯಾಶ್‌ಬೋರ್ಡಿನ ಕೆಳಗಿನ ಟ್ಯೂನರ್ ಹೆಸರಿಗಷ್ಟೇ ಟ್ಯೂನರ್. ಆಂಟೆನಾದ ಶ್ರುತಿಯನ್ನು ಅದು ಕೂದಲೆಳೆಯಷ್ಟೂ ಬದಲಿಸುವುದಿಲ್ಲ, ರೇಡಿಯೊವನ್ನು ಸಮಾಧಾನ ಮಾಡುತ್ತದೆ.

ಅಂಕ ಕೆಟ್ಟಿದ್ದರೆ ಈಗಿನ ರೇಡಿಯೊಗಳು ತಮ್ಮನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುತ್ತವೆ ಎಂಬ ವಾದ ನಿಜ. ಆದ್ದರಿಂದ ಹೊಂದಾಣಿಕೆ ಬೇಡವೆಂದಲ್ಲ, ಅದು ಕೊನೆಯ ಕೆಲಸ. ಮೊದಲು ಬಣ್ಣ ಕೆರೆದು ಬ್ರ್ಯಾಕೆಟ್ಟನ್ನು ಲೋಹಕ್ಕೆ ಕೂರಿಸಬೇಕು. ಬಾನೆಟ್, ಡಿಕ್ಕಿ, ಬಾಗಿಲು, ಸೈಲೆನ್ಸರ್ ಕೊಳವೆ ಎಲ್ಲವನ್ನೂ ಹೆಣೆದ ತಾಮ್ರದ ಪಟ್ಟಿಯಿಂದ ಕಾರಿನ ಮೈಗೆ ಜೋಡಿಸಬೇಕು. ಕೊಳೆಯಾಗುವ, ಬೆನ್ನು ನೋಯಿಸುವ ಕೆಲಸ ಇದೇ. ಬಹುಮಂದಿ ಬಿಡುವುದೂ ಇದನ್ನೇ. ಮಾಡಿದ ಮೇಲೆ ಎಸ್‌ಡಬ್ಲ್ಯೂಆರ್ ಏರಿದರೆ ಗಾಬರಿ ಬೇಡ, ಹಬ್ಬ ಮಾಡಬೇಕು: ನಷ್ಟ ಇಳಿದಿದೆ. ಆಮೇಲೆ ಶ್ರುತಿ. ಕಡೆಗೆ ಆಂಟೆನಾದ ಬುಡದಿಂದ ಕಾರಿನ ಮೈಗೆ ಸುಮಾರು 0.7 ಮೈಕ್ರೊಹೆನ್ರಿಯ ಪುಟ್ಟ ಕಾಯಿಲ್: ದಪ್ಪ ತಾಮ್ರದ ತಂತಿ, 25 ಮಿಲಿಮೀಟರ್ ಅಡ್ಡಳತೆ, ಅಷ್ಟೇ ಉದ್ದ, ಆರೇಳು ಸುತ್ತು. ತುದಿಯ ಕಡ್ಡಿಯನ್ನು ತುಸು ಗಿಡ್ಡ ಮಾಡಿದರೆ 1:1 ತಾನಾಗಿ ಬರುತ್ತದೆ, ಈ ಸಲ ಪ್ರಾಮಾಣಿಕವಾಗಿ.

2004ರ ಸುನಾಮಿಯಲ್ಲಿ ಪೋರ್ಟ್ ಬ್ಲೇರ್‌ನಿಂದ ಸುದ್ದಿ ದಾಟಿಸಿದ ಹ್ಯಾಮ್‌ಗಳನ್ನು ಈ ಹವ್ಯಾಸದವರು ಇಂದಿಗೂ ನೆನೆಯುತ್ತಾರೆ. ಅವರದು ಕಾರಿನ ಕಡ್ಡಿಯಾಗಿರಲಿಲ್ಲ. ಗುಡ್ಡ ಕುಸಿದು ಮೊಬೈಲ್ ಗೋಪುರ ಸತ್ತ ಘಟ್ಟದ ರಸ್ತೆಯಲ್ಲಿ ಕಾರೊಂದೇ ಉಳಿದರೆ, ಆ ಕಡೆಯ ಗದ್ದಲದಲ್ಲಿ 9 ವಾಟ್ ಕೇಳಿಸಿ ಎರಡೂವರೆ ಮುಳುಗಿಹೋಗುವ ಸಂದರ್ಭ ಖಂಡಿತ ಬರುತ್ತದೆ.

ಅಮೆರಿಕದಲ್ಲಿ ಹ್ಯಾಮ್‌ಗಳು ಮೈದಾನಕ್ಕೆ ಕಾರು ತಂದು, ದೂರದಲ್ಲಿ ಅಳೆಯುವ ಯಂತ್ರವಿಟ್ಟು, ಯಾರದು ಎಷ್ಟು ಬಲವಾಗಿ ತಲುಪಿತು ಎಂದು ಪಂದ್ಯ ಕಟ್ಟುತ್ತಾರೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಕಾರು, ಒಂದು ಖಾಲಿ ಮೈದಾನ ಸಿಕ್ಕರೆ ಇಲ್ಲೂ ಆಗುತ್ತದೆ. ಎಸ್‌ಡಬ್ಲ್ಯೂಆರ್ ಮೀಟರನ್ನು ಮನೆಯಲ್ಲೇ ಬಿಟ್ಟು ಬರಬೇಕು.