ತಡವಾಗಿ ಬಂದ ಮಾತಿಗೂ ಬೆಲೆಯಿರಲಿ

ಮಳೆ ಕೈಕೊಟ್ಟ ವರ್ಷ ನಮ್ಮ ಬಿ.ಜಿ. ಕೆರೆಯ ಕಡೆ ಎಷ್ಟೋ ತಂದೆತಾಯಿಗಳು ಕೂಲಿಗಾಗಿ ಗುಳೆ ಹೊರಡುವರು. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವರು. ಹೊಟ್ಟೆಗೆ ಅನ್ನ, ತಲೆಗೆ ಅಕ್ಷರ ಸಿಕ್ಕರೆ ಸಾಕೆಂಬುದೇ ಅವರ ಆಸೆ. ನಾನೂ ಹಾಗೆಯೇ ಓದಿದವನು. ಆ ಋಣವನ್ನು ಮರೆತಿಲ್ಲ. ಆದರೆ ಆ ಋಣದ ಭಾರದಿಂದಲೇ ಹಾಸ್ಟೆಲಿನ ಮಗು ಬಾಯಿ ತೆರೆಯುವುದಿಲ್ಲವೆಂಬುದನ್ನೂ ಬಲ್ಲೆ. ಬೆನ್ನ ಮೇಲೆ ಬರೆ ಬಿದ್ದ ಗೆಳೆಯನೊಬ್ಬನು ಮನೆಯಲ್ಲಿ "ಆಡುವಾಗ ಬಿದ್ದೆ" ಎಂದನು. ನಿಜ ಹೇಳಿದರೆ ಓದು ಬಿಡಿಸುವರೆಂಬ ಭಯ.

2022ರಲ್ಲಿ ನಮ್ಮ ಚಿತ್ರದುರ್ಗದ ಮಠವೊಂದರ ಹಾಸ್ಟೆಲಿನ ಬಾಲಕಿಯರು ಮೈಸೂರಿಗೆ ಹೋಗಿ ದೂರಿತ್ತರು. ಮೊದಲ ಪ್ರಕರಣದ ಆರೋಪಿಗಳನ್ನು 2025ರ ನವೆಂಬರಿನಲ್ಲಿ ನ್ಯಾಯಾಲಯವು ಖುಲಾಸೆ ಮಾಡಿತು. ಆ ತೀರ್ಪನ್ನು ತೂಗಲು ನಾನು ಯಾರೂ ಅಲ್ಲ. ದೂರು ಹೇಳಲು ಮಕ್ಕಳು ಅಷ್ಟು ದೂರ ಹೋಗಬೇಕಾಯಿತಲ್ಲ ಎಂಬುದಷ್ಟೇ ನನ್ನ ಚಿಂತೆ.

ಈಗ 2012ರ ಪೋಕ್ಸೊ ಕಾಯಿದೆಯಿದೆ. ಪಾಲನಾ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯ ಮಾಡಿದ 2015ರ ಬಾಲನ್ಯಾಯ ಕಾಯಿದೆಯೂ ಇದೆ. ಸಂತೋಷ. ಆದರೆ 1980ರಲ್ಲಿ ಅನಾಥಾಲಯದಲ್ಲಿ ನೊಂದ ಏಳು ವರ್ಷದ ಮಗುವಿಗೆ ಇಂದು ಐವತ್ತು ದಾಟಿದೆ. ಸಂವಿಧಾನದ 20ನೆಯ ವಿಧಿಯಂತೆ ಹೊಸ ಶಿಕ್ಷೆಯನ್ನು ಹಳೆಯ ಕೃತ್ಯಕ್ಕೆ ಹಚ್ಚುವಂತಿಲ್ಲ. ಹಳೆಯ ಕಾನೂನಿನಲ್ಲೇ ಹೋಗೋಣವೆಂದರೆ ಸಾಕ್ಷಿ ಸತ್ತಿರುವನು, ದಾಖಲೆಯ ಪುಸ್ತಕವನ್ನು ಗೆದ್ದಲು ತಿಂದಿರುವುದು.

ಇಂಥವರಿಗಾಗಿಯೇ ಐರ್ಲೆಂಡ್ 2002ರಲ್ಲಿ, ಆಸ್ಟ್ರೇಲಿಯ 2018ರಲ್ಲಿ, ಸ್ಕಾಟ್ಲೆಂಡ್ 2021ರಲ್ಲಿ ಪರಿಹಾರದ ಕಾಯಿದೆ ಮಾಡಿದವು. ಸ್ಕಾಟ್ಲೆಂಡಿನಲ್ಲಿ 2004ರ ಡಿಸೆಂಬರ್ 1ಕ್ಕೆ ಮುಂಚೆ ಪಾಲನೆಯಲ್ಲಿದ್ದು ನೊಂದವರಿಗೆ 10,000ದಿಂದ 1,00,000 ಪೌಂಡಿನವರೆಗೆ ಹಣವಿದೆ. ಕ್ಷಮಾಯಾಚನೆಯೂ ಮನಸ್ಸಿನ ಆರೈಕೆಯೂ ಉಂಟು. ಅಲ್ಲಿ ಯಾರನ್ನೂ ಜೈಲಿಗೆ ಕಳಿಸುವ ಪ್ರಶ್ನೆಯಿಲ್ಲ. ಆದುದರಿಂದ ಸಂಶಯಾತೀತ ಸಾಕ್ಷ್ಯವನ್ನು ಕೇಳುವುದಿಲ್ಲ. ಹೀಗಾಗಿರುವ ಸಂಭವವೇ ಹೆಚ್ಚೆಂದು ಕಂಡರೆ ಸಾಕು.

ಅವರ ತಪ್ಪುಗಳನ್ನು ನಾವು ತರಬೇಕಾಗಿಲ್ಲ. ಐರ್ಲೆಂಡಿನ ಕಾಯಿದೆ ಪರಿಹಾರ ಪಡೆದವರ ಬಾಯಿಗೇ ಬೀಗ ಹಾಕಿತು. ಮೊದಲೇ ಮೂಕವಾದ ಮಗುವಿಗೆ ಅದು ಎರಡನೆಯ ಶಿಕ್ಷೆ.

ಸುಳ್ಳು ಅರ್ಜಿಗಳು ಬಾರವೇ ಎಂದು ಕೇಳುವರು. ಬಂದಾವು. ವಯಸ್ಸನ್ನು ಸುಳ್ಳು ಹೇಳುವವರಿದ್ದಾರೆಂದು ವೃದ್ಧಾಪ್ಯ ವೇತನವನ್ನು ನಿಲ್ಲಿಸಿದೆವೆ? ಪರಿಶೀಲಿಸಿ ಕೊಡುತ್ತೇವೆ.

ನಮ್ಮ ವಿಧಾನಮಂಡಲವು ಇಂಥ ಕಾಯಿದೆಯೊಂದನ್ನು ಮಾಡಲಿ. ತಾಲ್ಲೂಕು ಕೇಂದ್ರದಲ್ಲೇ, ಕನ್ನಡದಲ್ಲಿ, ಬರೆಯಲಾರದವರು ಬಾಯಿಮಾತಿನಲ್ಲಿ ಹೇಳಿಕೊಳ್ಳುವಂತಾಗಲಿ. ಮಕ್ಕಳನ್ನು ಇಟ್ಟುಕೊಂಡಿದ್ದ ಸಂಸ್ಥೆಗಳೂ ಸರ್ಕಾರವೂ ವೆಚ್ಚವನ್ನು ಹೊರಲಿ. ಹಣದಿಂದ ಬಾಲ್ಯವು ಮರಳಿ ಬಾರದು, ನಿಜ. ಆದರೆ "ನೀನು ಹೇಳಿದ್ದು ಸುಳ್ಳಲ್ಲ" ಎಂದು ಸರ್ಕಾರವೇ ಬರೆದುಕೊಟ್ಟ ಕಾಗದವೊಂದು ಕೈಗೆ ಬಂದರೆ, ಆಡುವಾಗ ಬಿದ್ದೆನೆಂದವನು ಮುಪ್ಪಿನಲ್ಲಾದರೂ ನಿಜ ಹೇಳಿಯಾನು.