ಇಬ್ಬರ ಊಟ, ಒಬ್ಬಳ ತಪ್ಪು

ಬಸುರಿಗೆ ನಾವು ಕೊಡುವ ಮೊದಲ ಉಪದೇಶ, ‘ಇನ್ನು ಮೇಲೆ ಇಬ್ಬರ ಊಟ ಮಾಡಬೇಕಮ್ಮ’ ಎಂಬುದು. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಅದೇ ಬಾಯಿಗಳು, ‘ಅಯ್ಯೋ, ಎಷ್ಟು ಊದಿಕೊಂಡಿದ್ದೀಯೇ!’ ಎನ್ನುತ್ತವೆ. ಈ ಎರಡು ಮಾತುಗಳ ನಡುವೆ ಏನಾಯಿತು ಎಂದು ಕೇಳುವವರಿಲ್ಲ.

ನನ್ನ ಅಕ್ಕನ ಬಾಣಂತನವನ್ನು ಹತ್ತಿರದಿಂದ ನೋಡಿದವಳು ನಾನು. ತವರಲ್ಲಿ ಅವಳಿಗೆ ದಿನಕ್ಕೆ ನಾಲ್ಕು ಬಾರಿ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಮೇಲೆ ಅಂಟಿನುಂಡೆ. ಹಣ್ಣು ಕೇಳಿದರೆ ‘ಮಗುವಿಗೆ ಶೀತ’, ನೀರು ಕೇಳಿದರೆ ‘ಹೊಟ್ಟೆ ಬರುತ್ತೆ’. ಅಮ್ಮನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಲೆಕ್ಕ ಮಾತ್ರ ತಪ್ಪಿತ್ತು. ಇವತ್ತು ಅಕ್ಕನ ಮಗ ಮೂರನೇ ಕ್ಲಾಸು. ಮದುವೆಯ ಫೋಟೋ ತೋರಿಸಿ ನಗುವ ನೆಂಟರು ಈಗಲೂ ಇದ್ದಾರೆ.

ಲೆಕ್ಕ ಕಷ್ಟದ್ದೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ಬಸುರಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿಗೆ ಅದು ಹೆಚ್ಚುಕಮ್ಮಿ ಮುಗಿಯಿತು. ನಿಜಕ್ಕೂ ಹೆಚ್ಚಬೇಕಾದದ್ದು ಕಬ್ಬಿಣ, ಫೋಲೇಟ್, ಸುಣ್ಣದಂಶ, ಪ್ರೋಟೀನು. ಅಂದರೆ ಸೊಪ್ಪು, ಕಾಳು, ರಾಗಿ, ಮೊಟ್ಟೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿದ ಪ್ರಕಾರ, ಮೊದಲೇ ಸಹಜ ತೂಕವಿದ್ದವಳು ಬಸಿರಲ್ಲಿ 11.5ರಿಂದ 16 ಕೆಜಿ ಏರಬಹುದು. ಮೊದಲೇ ದಪ್ಪಗಿದ್ದವಳಿಗೆ ಆ ಮಿತಿ ಇನ್ನೂ ಕಡಿಮೆ. ಅದನ್ನು ಮೀರಿ ಏರಿದ ತೂಕ ಹೆರಿಗೆಯ ಜೊತೆ ಇಳಿದುಹೋಗುವುದಿಲ್ಲ, ವರ್ಷಗಟ್ಟಲೆ ಉಳಿದುಬಿಡಬಹುದು.

ಹಾಗಾದರೆ ತಿಂದವಳದೇ ತಪ್ಪು ಎನ್ನೋಣವೇ? ಬಡಿಸಿದವರು ಯಾರು? ಅಂಗಡಿಯಿಂದ ಏನು ತರಬೇಕೆಂದು ನಿರ್ಧರಿಸಿದವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ಶೇ. 24ರಷ್ಟು ಹೆಂಗಸರು ಅತಿತೂಕದವರು. ಒಂದು ಕಡೆ ರಕ್ತವಿಲ್ಲ, ಇನ್ನೊಂದು ಕಡೆ ಬೊಜ್ಜು; ಕೆಲವೊಮ್ಮೆ ಎರಡೂ ಒಂದೇ ಮೈಯಲ್ಲಿ. ಅನ್ನದ ರಾಶಿಯ ಪಕ್ಕದಲ್ಲಿ ಸೊಪ್ಪು, ಕಾಳು ಇಲ್ಲದ ತಟ್ಟೆ ಮಾಡುವ ಕೆಲಸ ಇದು. ನಮ್ಮ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು, ಬಸುರಿ ಬಾಣಂತಿಯರನ್ನು ಅಂಗನವಾಡಿಯಲ್ಲೇ ಕೂರಿಸಿ ಬಿಸಿಯೂಟ ಬಡಿಸಹೊರಟಿತು. ಮನೆಗೆ ಕೊಟ್ಟ ಪದಾರ್ಥ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅವಳ ಪಾಲಿಗೆ ಉಳಿಯುವುದು ಕೊನೆಯ ತುತ್ತು ಎಂಬುದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಟಿನುಂಡೆಯನ್ನು ನಾನು ಹಳಿಯುತ್ತಿಲ್ಲ. ಭತ್ತ ಕುಟ್ಟಿ, ನೀರು ಹೊತ್ತು, ಕಳೆ ಕೀಳಲು ಮರಳುತ್ತಿದ್ದ ಮೈಗೆ ಅದು ತಕ್ಕದ್ದಾಗಿತ್ತು. ಮೈಕೆಲಸ ಬದಲಾಯಿತು, ಉಂಡೆಯ ಗಾತ್ರ ಬದಲಾಗಲಿಲ್ಲ. ಇನ್ನು ‘ಮೂರು ತಿಂಗಳಲ್ಲಿ ಹಳೆಯ ಸೊಂಟ’ ಎಂದು ಮೊಬೈಲಿನಲ್ಲಿ ಆಸೆ ಹುಟ್ಟಿಸುವವರು ಅಜ್ಜಿಯರಿಗಿಂತ ಅಪಾಯಕಾರಿಗಳು. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚೇ ಬೇಕು. ಅವಳನ್ನು ಉಪವಾಸ ಕೆಡವಿ ದುಡ್ಡು ಮಾಡುವುದಕ್ಕೆ ಆರೋಗ್ಯ ಎಂದು ಹೆಸರಿಡಬಾರದು.

ನಮ್ಮ ಜನಪದದಲ್ಲಿ ಬಯಕೆಯ ಹಾಡುಗಳಿವೆ. ಬಸುರಿಗೆ ಏನು ತಿನ್ನುವಾಸೆ ಎಂದು ಊರೇ ಕೇಳುತ್ತದೆ. ಎರಡು ವರ್ಷದ ಮಗುವಿನ ತಾಯಿಗೆ ಅಂಥ ಹಾಡಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು, ಮಗು ಬಿಟ್ಟ ಅನ್ನವನ್ನೇ ಬಾಯಿಗೆ ಹಾಕಿಕೊಂಡು, ಎಲ್ಲರದೂ ಆದ ಮೇಲೆ ತಣ್ಣಗಾದ ಸಾರಿನಲ್ಲಿ ಉಣ್ಣುವವಳಿಗೆ ವಾಕಿಂಗ್ ಹೋಗು ಎನ್ನುತ್ತೇವೆ. ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವವರು ಯಾರೆಂದು ಮಾತ್ರ ಹೇಳುವುದಿಲ್ಲ.

ಆದ್ದರಿಂದ ಗಂಡಂದಿರಲ್ಲಿ, ಅತ್ತೆಯರಲ್ಲಿ, ಅಮ್ಮಂದಿರಲ್ಲಿ ಒಂದೇ ಮಾತು. ಅವಳ ತೂಕದ ಬಗ್ಗೆ ಬಾಯಿ ತೆರೆಯುವ ಮುನ್ನ, ಇವತ್ತು ಅವಳು ಏನು ಉಂಡಳು, ಎಷ್ಟು ಹೊತ್ತಿಗೆ ಉಂಡಳು ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮಗುವನ್ನು ಇತ್ತ ಕೊಡಿಸಿಕೊಂಡು ಅವಳನ್ನು ಮೊದಲ ಪಂಕ್ತಿಗೆ ಕೂರಿಸಿ.